ಲೀಟರಿನ ಲೆಕ್ಕ, ಕಿಲೋದ ಲೆಕ್ಕ

ದೆಹಲಿ ಸುತ್ತಮುತ್ತಲಿನ ಮದುವೆ, ಮೇಳ, ಕಟ್ಟಡದ ಸೈಟುಗಳಿಗೆ ಸಂಚಾರಿ ಶೌಚಾಲಯ ಬಾಡಿಗೆಗೆ ಕೊಡುವ ಕಸುಬಿಗೆ ಇಳಿಯುವವರು ಮೊದಲು ಕ್ಯಾಬಿನ್ನಿನ ಬೆಲೆ ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕ್ಯಾಬಿನ್ನು, ಕೊಳಚೆ ಸಾಗಿಸುವ ಗಾಡಿಯ ಆರ್‌ಸಿ (ನೋಂದಣಿ ಪತ್ರ) ಓದಿ ಎಂದು ನಾನು ಹೇಳುತ್ತೇನೆ. ಅದರಲ್ಲಿ ಖಾಲಿ ಗಾಡಿಯ ತೂಕವೂ ಹೊರೆ ಸೇರಿದ ಗರಿಷ್ಠ ತೂಕವೂ ಇರುತ್ತವೆ. ಎರಡರ ನಡುವಿನ ಅಂತರವೇ ನೀವು ಹೇರಬಹುದಾದ ಹೊರೆ.

ಹೊಸಬರ ಲೆಕ್ಕ ತಪ್ಪುವುದು ಇಲ್ಲೇ. ಶೌಚಾಲಯದ ಕೊಳಚೆ ಸಾಗಿಸಲು ಗಾಡಿಗೆ ಕೂರಿಸುವ ಟ್ಯಾಂಕು ಮಾರುವವರದು ಲೀಟರಿನ ಮಾತು, ಕಾನೂನಿನದು ಕಿಲೋದ ಮಾತು. ಕೊಳಚೆ ನೀರು ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಗಾಡಿಯ ಗರಿಷ್ಠ ತೂಕ 7,500 ಕಿಲೋ, ಟ್ಯಾಂಕು, ಪಂಪು ಸೇರಿ ಖಾಲಿ ತೂಕ 4,000 ಕಿಲೋ ಎಂದುಕೊಳ್ಳಿ. ಅದರ ಮೇಲೆ 4,000 ಲೀಟರಿನ ಟ್ಯಾಂಕು ಕೂತಿದ್ದರೂ 3,500ಕ್ಕೆ ನಿಲ್ಲಿಸಬೇಕು. ಕೊಳವೆ, ಸಹಾಯಕರನ್ನೂ ಎಣಿಸಿದರೆ ಇನ್ನೂ ಕೆಳಗೇ. ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಹೊರೆ ಇಳಿಸಿಯೇ ಮುಂದೆ ಹೋಗಬೇಕು. ಜಲ್ಲಿಯಾದರೆ ರಸ್ತೆಬದಿಗೆ ಸುರಿಯಬಹುದು, ಇದನ್ನು ಎಲ್ಲಿ ಸುರಿಯುತ್ತೀರಿ?

ಹಾಗೆಂದು ಅರ್ಧ ತುಂಬಿದರೆ ನಿಶ್ಚಿಂತೆಯಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವುದು ಟ್ಯಾಂಕರಿನ ಮಟ್ಟಿಗೆ ಅಕ್ಷರಶಃ ನಿಜ. ಬ್ರೇಕ್ ಒತ್ತಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಒಳಗೆ ತೂತುಗಳಿರುವ ಅಡ್ಡತಗಡುಗಳಿದ್ದರೆ ಹಿಂದುಮುಂದಿನ ಹೊಯ್ದಾಟ ತಗ್ಗುತ್ತದೆ, ಪಕ್ಕದ್ದು ತಗ್ಗುವುದಿಲ್ಲ. ಅಲ್ಲಿ ಚಾಲಕನೇ ವೇಗ ಇಳಿಸಬೇಕು. ಟ್ಯಾಂಕರುಗಳ ವೇಗ ನಿಯಂತ್ರಕವನ್ನು ಗಂಟೆಗೆ 60 ಕಿಮೀಗೆ ಕಟ್ಟಿರುವುದೂ ಸುಮ್ಮನೆ ಅಲ್ಲ. ಖಾಲಿ ಕ್ಯಾಬಿನ್ ಹೊತ್ತ ಗಾಡಿಯ ತೊಂದರೆ ಬೇರೆ: ಎತ್ತರ ಹೆಚ್ಚು, ಭಾರ ಕಡಿಮೆ, ಗಾಳಿಗೆ ಅಲುಗಾಡುತ್ತದೆ. ಹಗ್ಗ ಸಾಲದು, ಬಿಗಿಹಿಡಿಯುವ ಪಟ್ಟಿ ಬೇಕು.

ಉಳಿದ ಕಾಗದಗಳು ಎಲ್ಲ ಸರಕು ಗಾಡಿಗೂ ಬೇಕಾದವೇ. ಹಳದಿ ಫಲಕ, ವಿಮೆ, ಪಿಯುಸಿ, ಮತ್ತು ಎಫ್‌ಸಿ. ಗಾಡಿಗೆ ಎಂಟು ವರ್ಷವಾಗುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಗರಿಷ್ಠ ತೂಕ 3,000 ಕಿಲೋ ದಾಟಿದರೆ ಪರ್ಮಿಟ್ಟೂ ಬೇಕು. ಮಾಮೂಲಿ ಲಾರಿಗೆ ಆಮೇಲೆ ಟ್ಯಾಂಕು ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಲೇಬೇಕು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋವರೆಗಿನ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ದೆಹಲಿಯಲ್ಲಿ ಮಲತ್ಯಾಜ್ಯ ಸಾಗಿಸಲು ಜಲ ಮಂಡಳಿಯ ಲೈಸೆನ್ಸ್ ಬೇರೆ ಬೇಕು; ಸುರಿಯುವುದೂ ಅದು ಗೊತ್ತುಮಾಡಿದ ಜಾಗದಲ್ಲೇ.

ಗಾಡಿ ನಿಂತ ಮೇಲೂ ಅಪಾಯ ಮುಗಿಯುವುದಿಲ್ಲ. ಟ್ಯಾಂಕು ತೊಳೆಯಲು ಯಾರನ್ನೂ ಒಳಗೆ ಇಳಿಸಬೇಡಿ, ವಿಷಾನಿಲ ಕೂಗಲೂ ಬಿಡುವುದಿಲ್ಲ. ಸೆಪ್ಟಿಕ್ ಟ್ಯಾಂಕು, ಒಳಚರಂಡಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 

ನೊಯ್ಡಾ, ಗುರುಗ್ರಾಮಗಳಲ್ಲಿ ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕರೆ ಎಂಜಿನ್ನು ಯಾವ ಬಿಎಸ್ (ಹೊಗೆಯ ಮಾನದಂಡ) ಎಂದು ಕೇಳಿ. 2025ರ ನವೆಂಬರ್ 1ರಿಂದ ಹೊರಗೆ ನೋಂದಣಿಯಾದ ಡೀಸೆಲ್ ಸರಕು ಗಾಡಿಗೆ ದೆಹಲಿ ಪ್ರವೇಶ ಸಿಗಬೇಕಾದರೆ ಅದು ಬಿಎಸ್-6 ಆಗಿರಬೇಕು. ಬಿಎಸ್-4ಕ್ಕೆ ಕೊಟ್ಟ ವಿನಾಯಿತಿ 2026ರ ಅಕ್ಟೋಬರ್ 31ರವರೆಗೆ ಮಾತ್ರ. ದೆಹಲಿಯ ಛತರ್‌ಪುರದ ಮದುವೆಗೆ ಮುಂಗಡ ಹಣ ತೆಗೆದುಕೊಳ್ಳುವ ಮುನ್ನವೇ ಇದನ್ನು ನೋಡಿಕೊಳ್ಳಿ.