ಕಪ್ಪುಬಿಳುಪಿಗೆ ಬಣ್ಣದ ಖರ್ಚು

ಅಜ್ಜಿ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದಾಗ ತೆಗೆದ ಕಪ್ಪುಬಿಳುಪು ಫೋಟೊ ಒಂದಿತ್ತು. ಅದನ್ನು ಮನೆಯಲ್ಲೇ ಪ್ರಿಂಟ್ ಹಾಕೋಣ ಎಂದು ನಾಲ್ಕೂವರೆ ಸಾವಿರ ಕೊಟ್ಟು ಒಂದು ಪ್ರಿಂಟರ್ ತಂದೆ. ಹೊರಬಂದ ಚಿತ್ರ ರಾತ್ರಿ ಹಳದಿ ಬಲ್ಬಿನಡಿ ಕೆಂಪಗೆ ಕಂಡಿತು, ಬೆಳಿಗ್ಗೆ ಕಿಟಕಿಯ ಬಳಿ ಹಿಡಿದರೆ ಹಸಿರು. ಅಕ್ಕ ನೋಡಿ, "ಅಜ್ಜಿ ತಲೆಗೆ ಮೆಹಂದಿ ಹಚ್ಚಿದೀಯೇನೋ?" ಅಂದಳು.

ಅದಕ್ಕಿಂತ ವಿಚಿತ್ರವೆಂದರೆ, ಇಪ್ಪತ್ತು ಚಿಲ್ಲರೆ ಹಾಳೆಗೆಲ್ಲ ಇಂಕ್ ಮುಗಿಯಿತು. ಮುಗಿದದ್ದು ಬಣ್ಣದ ಕಾರ್ಟ್ರಿಜ್. ಕಪ್ಪಿನದು ತುಂಬಿಕೊಂಡೇ ಇತ್ತು! ಆಮೇಲೆ ಗುಟ್ಟು ತಿಳಿಯಿತು. ಅಗ್ಗದ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ ಕಪ್ಪು ಇಂಕ್ ಇರುವುದು ಸಾದಾ ಹಾಳೆಯ ಮೇಲಿನ ಅಕ್ಷರಕ್ಕಾಗಿ. ಗ್ಲಾಸಿ ಕಾಗದದ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಯಂತ್ರ ಬಣ್ಣದ ಮೂರು ಇಂಕನ್ನೂ ಬೆರೆಸಿ ಕಪ್ಪು ಮಾಡಿಕೊಳ್ಳುತ್ತದೆ, ಬೂದನ್ನೂ ಹಾಗೆಯೇ. ಬೆರಕೆ ಕೂದಲೆಳೆಯಷ್ಟು ಏರುಪೇರಾದರೂ ಬೆಳಕು ಬದಲಾದಂತೆ ಅಜ್ಜಿಯ ತಲೆಯ ಬಣ್ಣವೂ ಬದಲಾಗುತ್ತದೆ.

ಆ ವರ್ಷದ ಲೆಕ್ಕ ನನ್ನ ಡೈರಿಯಲ್ಲಿದೆ. ಯಂತ್ರಕ್ಕೆ 4,500. ಬಣ್ಣದ ಕಾರ್ಟ್ರಿಜ್ ಆರು, ಒಂದಕ್ಕೆ 1,250ರಂತೆ 7,500. ಹನ್ನೆರಡು ರೂಪಾಯಿಯ ಎ4 ಹಾಳೆ 140, ಅಂದರೆ 1,680. ಒಟ್ಟು 13,680. ಇಟ್ಟುಕೊಳ್ಳಲು ಯೋಗ್ಯವಾದ ಚಿತ್ರ 57, ಉಳಿದದ್ದೆಲ್ಲ ಕಸದ ಬುಟ್ಟಿಗೆ. ಒಂದೊಂದಕ್ಕೆ 240 ರೂಪಾಯಿ ಬಿತ್ತು. ನಮ್ಮ ರಸ್ತೆಯ ಸ್ಟುಡಿಯೋದವನು ನೂರು ರೂಪಾಯಿಗೆ ಇದಕ್ಕಿಂತ ಚೆನ್ನಾಗಿಯೇ ಕೊಡುತ್ತಿದ್ದ.

ಉಳಿಸಲು ಹೋಗಿ ಕೆಟ್ಟದ್ದೂ ಉಂಟು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ "ಕಂಪನಿ ಇಂಕ್ ಥರಾನೇ ಸಾರ್" ಎಂದು ಕೊಟ್ಟ ಲೋಕಲ್ ಇಂಕ್ ತುಂಬಿಸಿದೆ. ಒಂದೇ ವಾರಕ್ಕೆ ಇಂಕ್ ಚಿಮ್ಮಿಸುವ ಹೆಡ್ ಕಟ್ಟಿಕೊಂಡು ಯಂತ್ರ ಗುಜರಿಗೆ ಹೋಯಿತು.

ಎರಡನೇ ಪ್ರಿಂಟರಿಗೆಂದು ಅಂಗಡಿಗೆ ಹೋದಾಗ ಅಲ್ಲಿನ ಹುಡುಗ, "ಸಿಕ್ಸ್ ಕಲರ್ ಸಾರ್, ಫೋಟೊಗೆ ಬೆಂಕಿ!" ಅಂದ. ಯಾವ ಆರು ಅಂತ ಕೇಳಿದೆ. ನೀವೂ ಇದೊಂದು ಪ್ರಶ್ನೆಯನ್ನು ಕೇಳದೆ ದುಡ್ಡು ಎಣಿಸಬೇಡಿ. ಎಪ್ಸನ್ ಎಲ್8050ರಲ್ಲಿ ಆರು ಇಂಕ್ ಇರುವುದು ನಿಜ, ಆದರೆ ಹೆಚ್ಚುವರಿ ಎರಡು ತೆಳು ನೀಲಿ ಮತ್ತು ತೆಳು ಗುಲಾಬಿ. ಮದುವೆ ಆಲ್ಬಮ್ಮಿನ ಮುಖಗಳಿಗೆ ಸೊಗಸು, ಕಪ್ಪುಬಿಳುಪಿಗೆ ಅಷ್ಟಕ್ಕಷ್ಟೆ. ಅದೇ ಕಂಪನಿಯ ಎಲ್8160ರಲ್ಲಿ, ಕ್ಯಾನನ್ ಜಿ570ರಲ್ಲಿ ಬೂದು ಬಣ್ಣಕ್ಕೇ ಒಂದು ಬಾಟಲಿ ಇದೆ. ಬೂದನ್ನು ಬರೀ ಬಣ್ಣಗಳಿಂದ ಕಟ್ಟುವ ಗೋಜು ಅಷ್ಟು ತಗ್ಗುತ್ತದೆ.

ಕಪ್ಪುಬಿಳುಪಿನ ಜೀವ ಇರುವುದು ಆ ಬೂದಿನಲ್ಲಿ. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಗೆ ಹೆಸರಾದವರು. (ಹಣಕಾಸು ಅಂಕಣದಲ್ಲಿ ಫೋಟೊ ಮಾತೇಕೆ ಎನ್ನುವವರಿಗೆ ಇದೇ ನನ್ನ ಉತ್ತರ.) ಅವರ ಕಾಲದ ಡಾರ್ಕ್‌ರೂಮಿನಲ್ಲಿ ಬೆಳ್ಳಿಯ ಲವಣ ಸವರಿದ ಕಾಗದ ಕಪ್ಪಿನಿಂದ ಬಿಳುಪಿನವರೆಗೆ ತಾನೇ ಜಾರುತ್ತಿತ್ತು. ಇಂಕ್‌ಜೆಟ್‌ಗೆ ಅದು ಬಾರದು, ಚುಕ್ಕೆ ಇಟ್ಟೇ ಕಣ್ಣಿಗೆ ಮಂಕುಬೂದಿ ಎರಚಬೇಕು. ಎಪ್ಸನ್ ಪಿ700 ಎಂಬ ದುಬಾರಿ ಯಂತ್ರದ ಹತ್ತು ಇಂಕುಗಳಲ್ಲಿ ಎರಡು ಬೂದಿನವೇ. ಅದರ ಪಿಗ್ಮೆಂಟ್ ಇಂಕ್ ಬೇಗ ಮಾಸುವುದೂ ಇಲ್ಲ. ಚಿತ್ರ ಮಾರುವವರು ಕೊಳ್ಳಲಿ, ನಾನು ಮಾರುವುದಿಲ್ಲ.

ನಾನು ಜಿ570 ತಂದೆ, ಹೆಚ್ಚುಕಡಿಮೆ ಹದಿನೆಂಟು ಸಾವಿರ. ಕೊಳ್ಳುವ ಮುಂಚೆ ಹಾಕಿದ ಲೆಕ್ಕ ಇಷ್ಟು: ತಿಂಗಳಿಗೆ ಹತ್ತು ಚಿತ್ರದಂತೆ ನಾಲ್ಕು ವರ್ಷಕ್ಕೆ 480. ಯಂತ್ರದ ಪಾಲು ಒಂದಕ್ಕೆ 37.50 ರೂಪಾಯಿ, ಅದರ ಮೇಲೆ ಕಾಗದ, ಇಂಕ್. ತಿಂಗಳಿಗೆ ಎರಡೇ ಚಿತ್ರವಾದರೆ ಯಂತ್ರದ ಪಾಲೇ 187.50. ಅಂಥವರು ಸ್ಟುಡಿಯೋಗೆ ಹೋಗುವುದೇ ಲೇಸು. ಎ3 ಅಳತೆಯ ದೊಡ್ಡ ಯಂತ್ರ ಬೇಕೆಂಬ ಚಪಲ ನನಗೂ ಇತ್ತು. ವರ್ಷಕ್ಕೆ ಮೂರೋ ನಾಲ್ಕೋ ದೊಡ್ಡ ಚಿತ್ರ ಬೇಕಾಗುತ್ತವೆ, ಅವನ್ನು ಲ್ಯಾಬಿಗೇ ಕೊಡುತ್ತೇನೆ. ಜಿ570ರ ಡೈ ಇಂಕ್ ಬಿಸಿಲಿಗೆ ಮಾಸುವುದರಿಂದ ಗೋಡೆಯ ಚಿತ್ರಗಳೆಲ್ಲ ಗಾಜಿನೊಳಗಿವೆ, ಕಿಟಕಿಯಿಂದ ದೂರ.

ಖರ್ಚು ತಂದೊಡ್ಡುವ ಇನ್ನೊಂದು ಸಂಗತಿ ಯಂತ್ರವನ್ನು ಸುಮ್ಮನೆ ಬಿಡುವುದು. ಬಳಸದಿದ್ದರೆ ಹೆಡ್ಡಿನಲ್ಲಿ ಇಂಕ್ ಒಣಗುತ್ತದೆ. ಕ್ಲೀನಿಂಗ್ ಒತ್ತಿದಾಗಲೆಲ್ಲ ಒಳ್ಳೆಯ ಇಂಕೇ ಹೊಟ್ಟೆಯೊಳಗಿನ ಸ್ಪಂಜಿಗೆ ಸುರಿದುಹೋಗುತ್ತದೆ. ಗೋಡೆಯ ಸ್ವಿಚ್ ಆರಿಸಿ ನಿಲ್ಲಿಸುವ ನಮ್ಮ ಅಭ್ಯಾಸವಂತೂ ಇನ್ನೂ ಕೆಟ್ಟದ್ದು. ಯಂತ್ರದ್ದೇ ಬಟನ್ ಒತ್ತಿದರೆ ಅದು ಹೆಡ್ಡಿಗೆ ಮುಚ್ಚಳ ಹಾಕಿಕೊಂಡು ಮಲಗುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಅದಕ್ಕೆ ಯುಪಿಎಸ್ ಲೈನು, ಶುಕ್ರವಾರಕ್ಕೊಂದು ಪ್ರಿಂಟು.

ಊರಿಗೆ ಹೋಗುವಾಗ ತುಳಸಿಗೆ ನೀರು ಹಾಕಿ ಎಂದು ಪಕ್ಕದ ಮನೆಯ ಆಂಟಿಗೆ ಕೀಲಿ ಕೊಡುತ್ತೇವೆ. ಈಗ ಜೊತೆಗೆ ಶುಕ್ರವಾರ ಒಂದು ಹಾಳೆ ಹೊಡೆಯಿರಿ ಅಂತಲೂ ಹೇಳುತ್ತೇವೆ. ಹೋದ ತಿಂಗಳು ವಾಪಸು ಬಂದು ನೋಡಿದರೆ ಹೆಡ್ ಚೊಕ್ಕವಾಗಿತ್ತು. ಟ್ರೇಯಲ್ಲಿ ಅವರ ಮಗಳ ಹಾಲ್ ಟಿಕೆಟ್ಟು, ಎರಡು ಪ್ರತಿ, ನನ್ನ ಒಳ್ಳೆಯ ಮ್ಯಾಟ್ ಕಾಗದದ ಮೇಲೆ.