ಕಲ್ಲಿನ ಗೋರಿ, ಮಣ್ಣಿನ ಮನೆ: ಪ್ರಾಚೀನ ಈಜಿಪ್ಟಿನ ಜನಜೀವನ

ಕನ್ನಡ ವಿದ್ವತ್ ವಲಯದಲ್ಲಿ ಈಜಿಪ್ಟಿನ ಮಾತು ಬಂದಾಗಲೆಲ್ಲ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೂ ಅದರಲ್ಲಿ ಕನ್ನಡದ ಮಾತುಗಳಿವೆ ಎಂಬ ವಾದವೂ ನೆನಪಾಗುತ್ತವೆ. ಆ ವಾದ ಸರ್ವಸಮ್ಮತವಾಗಿಲ್ಲ. ಆದರೆ ಆ ಪ್ಯಾಪಿರಸ್ ಸಿಕ್ಕಿದ್ದು ಅರಮನೆಯಲ್ಲಲ್ಲ, ಊರಾಚೆಯ ಕಸದ ದಿಬ್ಬದಲ್ಲಿ ಎಂಬುದು ಗಮನಾರ್ಹ. ಅದಕ್ಕೂ ಸಾವಿರ ವರ್ಷಗಳಷ್ಟು ಹಿಂದಿನ ಈಜಿಪ್ಟಿನ ಸಾಮಾನ್ಯರ ಬದುಕು ತಿಳಿಯುವುದೂ ಹೆಚ್ಚಾಗಿ ಇಂಥ ಕಸದಿಂದಲೇ.

ಈಜಿಪ್ಟಿನವರು ಸದಾ ಮರಣವನ್ನೇ ಧ್ಯಾನಿಸುತ್ತಿದ್ದರೆಂಬ ನಂಬಿಕೆ ಬಲವಾಗಿದೆ. ಇದಕ್ಕೆ ಮುಖ್ಯ ಕಾರಣ ಉಳಿದುಬಂದ ಸಾಮಗ್ರಿ. ಗೋರಿಗಳು ಒಣ ಮರಳುಗಾಡಿನ ಅಂಚಿನಲ್ಲಿದ್ದವು, ಕಲ್ಲಿನವು, ಉಳಿದವು. ಮನೆಗಳು, ಅರಮನೆಗಳು ಕೂಡ, ಹಸಿ ಇಟ್ಟಿಗೆಯವು; ನೈಲ್ ನದಿಯ ಪ್ರವಾಹದ ಮೆಕ್ಕಲಿನಲ್ಲಿ ಕರಗಿಹೋದವು. ಶಿಲಾಶಾಸನಗಳನ್ನಷ್ಟೇ ಓದಿ ಕಡತಗಳನ್ನು ಮರೆತರೆ ಕರ್ನಾಟಕದ ಚರಿತ್ರೆಯೂ ಹೀಗೆಯೇ ಒಂದು ಕಡೆಗೆ ವಾಲೀತು.

ಪಿರಮಿಡ್ಡುಗಳನ್ನು ಚಾಟಿಯೇಟು ತಿನ್ನುತ್ತಿದ್ದ ಗುಲಾಮರು ಕಟ್ಟಿದರೆಂಬುದು ಮತ್ತೊಂದು ನಂಬಿಕೆ. ಲಕ್ಷ ಜನ ಮೂರು ಮೂರು ತಿಂಗಳ ಸರದಿಯಲ್ಲಿ ದುಡಿದರೆಂದು ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ಬರೆದ. ಆ ವೇಳೆಗೆ ಮಹಾಪಿರಮಿಡ್ಡಿಗೆ ಎರಡು ಸಾವಿರ ವರ್ಷ ಕಳೆದಿತ್ತು. ಗೀಜಾದಲ್ಲಿ 1990ರಲ್ಲಿ ಕೆಲಸಗಾರರ ಗೋರಿಗಳು ಪತ್ತೆಯಾದವು. ಅಲ್ಲಿನ ಅಸ್ಥಿಗಳಲ್ಲಿ ಮುರಿದು ಮತ್ತೆ ಸರಿಯಾಗಿ ಕೂಡಿಕೊಂಡ ಮೂಳೆಗಳಿವೆ. ಎಂದರೆ ಆರೈಕೆ ನಡೆದಿದೆ. 2013ರಲ್ಲಿ ಕೆಂಪು ಸಮುದ್ರದ ತೀರದ ವಾದಿ ಅಲ್ ಜರ್ಫ್‌ನಲ್ಲಿ ದೊರೆತ ಪ್ಯಾಪಿರಸ್‌ಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ ಇದೆ. ಅವನ ತಂಡ ಖುಫು ದೊರೆಯ ಕಾಲದಲ್ಲಿ ತೂರಾದ ಸುಣ್ಣಕಲ್ಲನ್ನು ದೋಣಿಗಳಲ್ಲಿ ಗೀಜಾಕ್ಕೆ ಸಾಗಿಸುತ್ತಿತ್ತು. ಹಾಗೆಂದು ಇವರೆಲ್ಲ ಸ್ವಇಚ್ಛೆಯಿಂದ ದುಡಿದ ಭಕ್ತರೆಂದು ಬಣ್ಣಿಸುವುದೂ ಅತಿರೇಕವೇ. ರಾಜ್ಯ ವಿಧಿಸುತ್ತಿದ್ದ ಕಡ್ಡಾಯ ದುಡಿಮೆ, ನಮ್ಮ ಬಿಟ್ಟಿಯಂಥದು, ಅಲ್ಲಿ ಇದ್ದೇ ಇತ್ತು, ಗುಲಾಮಗಿರಿಯೂ ಇತ್ತು.

ಬದುಕಿನ ನಿಜವಾದ ದನಿ ಕೇಳುವುದು ದೇರ್ ಎಲ್ ಮದೀನಾದಲ್ಲಿ. ರಾಜರ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರಿಸಿದ ಕುಶಲಕರ್ಮಿಗಳ ಊರಿದು. ಪ್ರವಾಹ ತಲುಪದ ಕಣಿವೆಯಲ್ಲಿದ್ದುದರಿಂದ ಮನೆಗಳ ತಳಪಾಯ ಉಳಿದಿದೆ. ಬ್ರುಯೇರ್ 1922ರಿಂದ ಇಲ್ಲಿ ಉತ್ಖನನ ನಡೆಸಿದ. ಊರ ಪಕ್ಕದ ಆಳವಾದ ಗುಂಡಿಯೊಂದರಲ್ಲೇ ಬರಹವುಳ್ಳ ಸುಣ್ಣಕಲ್ಲಿನ ಚಕ್ಕೆಗಳು, ಮಡಕೆಯ ಚೂರುಗಳು ಸಾವಿರಗಟ್ಟಲೆ ದೊರೆತವು. ಎರಡನೆಯ ರಾಮ್ಸೆಸ್‌ನ 40ನೆಯ ಆಳ್ವಿಕೆಯ ವರ್ಷದ ಹಾಜರಿಪಟ್ಟಿಯೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಗೈರುಹಾಜರಿಯ ಕಾರಣಗಳು ಅದರಲ್ಲಿ ನಮೂದಾಗಿವೆ: ಒಬ್ಬನಿಗೆ ಚೇಳು ಕಡಿದಿದೆ, ಒಬ್ಬನಿಗೆ ಕಣ್ಣುಬೇನೆ, ಒಬ್ಬ ಬಿಯರ್ ತಯಾರಿಸಬೇಕಾಗಿದೆ, ಒಬ್ಬ ತಾಯಿಯ ಶವಸಂಸ್ಕಾರದಲ್ಲಿದ್ದಾನೆ.

ಇವರ ಕೂಲಿ ನಾಣ್ಯದಲ್ಲಲ್ಲ, ಧಾನ್ಯದಲ್ಲಿ: ಸಾಧಾರಣ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಮೂರನೆಯ ರಾಮ್ಸೆಸ್‌ನ 29ನೆಯ ವರ್ಷದಲ್ಲಿ, ಕ್ರಿ.ಪೂ. ಸುಮಾರು 1157ರಲ್ಲಿ, ಆ ಧಾನ್ಯ ಬರಲಿಲ್ಲ. ಕೆಲಸಗಾರರು ಹಸಿವೆಂದು ಸಾರುತ್ತ ಗೋರಿಪ್ರದೇಶದ ಗೋಡೆಗಳನ್ನು ದಾಟಿ ಹೊರಬಂದು ದೇವಾಲಯದ ಹಿಂದೆ ಕುಳಿತುಬಿಟ್ಟರು. ದಾಖಲೆಗಳಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಇದೇ ಅತಿ ಹಳೆಯದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುತ್ತಾರೆ. ಇದರ ವಿವರವುಳ್ಳ ಪ್ಯಾಪಿರಸ್ ಇಟಲಿಯ ಟ್ಯೂರಿನ್‌ನಲ್ಲಿದೆ. ದೇವರೆಂದೇ ಪೂಜೆಗೊಳ್ಳುತ್ತಿದ್ದ ದೊರೆಯ ಗೋರಿಯ ಕೆಲಸ ಹೊಟ್ಟೆಯ ಪ್ರಶ್ನೆಗೆ ನಿಂತಿತು. ಅಧಿಕಾರಿಗಳು ಬಾಕಿ ಧಾನ್ಯವನ್ನು ಹಂಚಿದರು. ಆದರೂ ವಿಳಂಬ, ಧರಣಿ ಮರುಕಳಿಸಿದವು.

ಅದೇ ಊರಿನ ನೌನಖ್ತೆ ಎಂಬ ವೃದ್ಧೆ ಐದನೆಯ ರಾಮ್ಸೆಸ್‌ನ ಮೂರನೆಯ ವರ್ಷದಲ್ಲಿ ಊರ ನ್ಯಾಯಸಭೆಯ ಮುಂದೆ ಉಯಿಲು ಮಾಡಿದಳು. ಎಂಟು ಮಕ್ಕಳ ತಾಯಿ. ಮುಪ್ಪಿನಲ್ಲಿ ತನ್ನನ್ನು ನೋಡಿಕೊಂಡವರಿಗೆ ತನ್ನ ಆಸ್ತಿಯಲ್ಲಿ ಪಾಲು, ಕೈಬಿಟ್ಟವರಿಗೆ ಇಲ್ಲ ಎಂಬುದು ಅವಳ ನಿರ್ಧಾರ. ಹೆಣ್ಣಿಗೆ ಸ್ವಂತ ಆಸ್ತಿಯೂ ಅದನ್ನು ತನಗೆ ತೋಚಿದಂತೆ ಹಂಚುವ ಹಕ್ಕೂ ಇದ್ದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಗಂಡನ ಆಸ್ತಿಯ ಮೇಲೆ ಮಾತ್ರ ಅವಳ ಮಾತು ನಡೆಯುವಂತಿರಲಿಲ್ಲ. ಅವಳು ಕೈಬಿಟ್ಟ ಮಕ್ಕಳಿಗೂ ತಂದೆಯ ಪಾಲು ಉಳಿಯಿತು. ಮರುವರ್ಷ ಗಂಡನೂ ಮಕ್ಕಳೂ ಮತ್ತೆ ನ್ಯಾಯಸಭೆಗೆ ಬಂದು, ಅವಳ ಉಯಿಲಿಗೆ ತಕರಾರಿಲ್ಲವೆಂದು ಹೇಳಿಕೆ ಕೊಟ್ಟರು.