ಶಾಸನವೂ ಪಾಲನೆಯೂ: ಓಹಿಯೋ ನದಿಯ ದಡದಲ್ಲಿ ಒಂದು ಕೌಂಟಿಯ ಉದಯ

ಜನವಸತಿ ಬೆಳೆಯುವ ಕ್ರಮ ಲೋಕದಲ್ಲಿ ಸಾಮಾನ್ಯವಾಗಿ ಒಂದೇ ತೆರನಾದುದು. ಮೊದಲು ಜನ ಬರುತ್ತಾರೆ. ಕಾಡು ಕಡಿದು ಹೊಲ ಮಾಡುತ್ತಾರೆ. ವ್ಯಾಜ್ಯಗಳು ಹುಟ್ಟಿದ ಮೇಲೆ ನ್ಯಾಯಸ್ಥಾನ ಬರುತ್ತದೆ, ಮಕ್ಕಳು ಬೆಳೆದ ಮೇಲೆ ಶಾಲೆ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಓಹಿಯೋ ರಾಜ್ಯಕ್ಕೆ ಸೇರಿದ ವಾಷಿಂಗ್ಟನ್ ಕೌಂಟಿಯ ಚರಿತ್ರೆ ಈ ಕ್ರಮಕ್ಕೆ ಅಪವಾದ. ಅಲ್ಲಿ ಶಾಸನ ಮೊದಲು ಹುಟ್ಟಿತು, ವಸತಿಗಾರರು ಅನಂತರ ಬಂದರು. ಅವರ ಮೊದಲ ಮನೆ ಏಳುವುದಕ್ಕೆ ಮುನ್ನವೇ ಶಾಲೆಯ ಪಾಲಿನ ಭೂಮಿ ನಿಶ್ಚಯವಾಗಿತ್ತು. ಕೌಂಟಿ ಎಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ. ತನ್ನದೇ ನ್ಯಾಯಸ್ಥಾನವನ್ನೂ ಷೆರಿಫ್ ಎಂಬ ಶಾಂತಿಪಾಲಕ ಅಧಿಕಾರಿಯನ್ನೂ ಉಳ್ಳದ್ದು.

ಈ ಕೌಂಟಿಗೆ ಅಡಿಪಾಯವಾದ ಶಾಸನಗಳು ಎರಡು. 1785ರ ಭೂಶಾಸನವು ಓಹಿಯೋ ನದಿಯಾಚೆಯ ಪ್ರದೇಶವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಬೇಕೆಂದು ವಿಧಿಸಿತು. ಟೌನ್‌ಷಿಪ್ ಎನಿಸಿಕೊಂಡ ಈ ಒಂದೊಂದು ಚೌಕದಲ್ಲಿಯೂ 640 ಎಕರೆಗಳ 36 ಭಾಗಗಳು. ಅವುಗಳಲ್ಲಿ 16ನೆಯ ಭಾಗ ಶಾಲೆಗೆ ಮೀಸಲು. ಎರಡನೆಯದು 1787ರ ಜುಲೈ 13ರಂದು ಅಂಗೀಕೃತವಾದ ವಾಯವ್ಯ ಪ್ರಾಂತ್ಯದ ಶಾಸನ. ಹೊಸ ಪ್ರದೇಶದಲ್ಲಿ ಗುಲಾಮಗಿರಿ ಕೂಡದು ಎಂದು ಅದರ ಆರನೆಯ ವಿಧಿ ಸಾರಿತು. ಮೂರನೆಯ ವಿಧಿಯಲ್ಲಿ ಎರಡು ವಾಗ್ದಾನಗಳು ಅಕ್ಕಪಕ್ಕದಲ್ಲಿಯೇ ಇದ್ದುವು: ಶಾಲೆಗಳಿಗೂ ವಿದ್ಯೆಗೂ ಸದಾ ಪ್ರೋತ್ಸಾಹವಿರಬೇಕು ಎಂಬುದು ಒಂದು, ಮೂಲನಿವಾಸಿಗಳೊಡನೆ ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು, ಅವರ ಸಮ್ಮತಿಯಿಲ್ಲದೆ ಅವರ ಭೂಮಿಯನ್ನು ತೆಗೆದುಕೊಳ್ಳಲಾಗದು ಎಂಬುದು ಇನ್ನೊಂದು. ಈ ಎರಡು ಮಾತುಗಳಿಗೆ ಮುಂದೆ ಒದಗಿದ ಗತಿಯೇ ಈ ಕೌಂಟಿಯ ಚರಿತ್ರೆಯ ತಿರುಳು.

ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಸೇನಾಧಿಕಾರಿಗಳ ಸಂಬಳದ ಬಾಕಿಗೆ ಅಲ್ಲಿನ ಸರ್ಕಾರ ಸಾಲಪತ್ರಗಳನ್ನು ಕೊಟ್ಟಿತ್ತು. ಅವುಗಳ ಬೆಲೆ ಪೇಟೆಯಲ್ಲಿ ಕುಸಿದಿತ್ತು. ಆ ಪತ್ರಗಳನ್ನೇ ಕೊಟ್ಟು ಭೂಮಿ ಪಡೆಯುವ ಉದ್ದೇಶದಿಂದ 1786ರಲ್ಲಿ ಬಾಸ್ಟನ್ ನಗರದಲ್ಲಿ ಓಹಿಯೋ ಕಂಪನಿ ಸ್ಥಾಪಿತವಾಯಿತು. ಸೇನಾನಿಯೂ ಭೂಮಾಪಕನೂ ಆದ ರೂಫಸ್ ಪುಟ್ನಮ್ ಮತ್ತು ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆದ ಮನಾಸೆ ಕಟ್ಲರ್ ಇದರ ಮುಂದಾಳುಗಳು. 1787ರ ಅಕ್ಟೋಬರ್‌ನಲ್ಲಿ ಸುಮಾರು 15 ಲಕ್ಷ ಎಕರೆಗಳಿಗೆ ಕರಾರಾಯಿತು. ಶಾಲೆಯ ಭಾಗವಲ್ಲದೆ, ಒಂದು ವಿಶ್ವವಿದ್ಯಾನಿಲಯಕ್ಕಾಗಿ ಎರಡು ಇಡೀ ಟೌನ್‌ಷಿಪ್‌ಗಳನ್ನು ಮೀಸಲಿಡುವ ಷರತ್ತನ್ನೂ ಕಟ್ಲರ್ ಅದರಲ್ಲಿ ಸೇರಿಸಿದನು.

1788ರ ಏಪ್ರಿಲ್ 7ರಂದು ಪುಟ್ನಮ್‌ನ ನೇತೃತ್ವದಲ್ಲಿ 48 ಮಂದಿ ಗಂಡಸರು ಮಸ್ಕಿಂಗಂ ನದಿಯು ಓಹಿಯೋ ನದಿಯನ್ನು ಕೂಡುವೆಡೆಯಲ್ಲಿ ದೋಣಿಯಿಂದಿಳಿದರು. ಕುಟುಂಬಗಳು ಬಂದದ್ದು ಆಗಸ್ಟ್ ತಿಂಗಳಲ್ಲಿ. ಸ್ವಾತಂತ್ರ್ಯ ಸಮರಕ್ಕೆ ನೆರವಿತ್ತ ಫ್ರಾನ್ಸಿನ ರಾಣಿಯ ಗೌರವಾರ್ಥ ಊರಿಗೆ ಮರಿಯೆಟ್ಟಾ ಎಂದು ಹೆಸರಿಟ್ಟರು. ರಕ್ಷಣೆಗಾಗಿ ನಾಲ್ಕು ಮೂಲೆಗಳಲ್ಲಿ ಕಾವಲುಮನೆಗಳುಳ್ಳ ಕ್ಯಾಂಪಸ್ ಮಾರ್ಷಿಯಸ್ ಎಂಬ ಮರದ ಕೋಟೆಯನ್ನು ಕಟ್ಟಿದರು. ಜುಲೈನಲ್ಲಿ ಪ್ರಾಂತ್ಯಾಧಿಪತಿ ಆರ್ಥರ್ ಸೇಂಟ್ ಕ್ಲೇರ್ ಬಂದು, ಆ ತಿಂಗಳ ಕೊನೆಯ ವಾರದಲ್ಲಿ ವಾಷಿಂಗ್ಟನ್ ಕೌಂಟಿಯನ್ನು ಘೋಷಿಸಿದನು. ವಾಯವ್ಯ ಪ್ರಾಂತ್ಯದ ಪ್ರಥಮ ಕೌಂಟಿ ಇದೇ. ಇಂದಿನ ಓಹಿಯೋ ರಾಜ್ಯದ ಹೆಚ್ಚುಕಡಮೆ ಪೂರ್ವಾರ್ಧವೆಲ್ಲ ಅಂದು ಅದರ ಎಲ್ಲೆಯೊಳಗಿತ್ತು. ಸೆಪ್ಟೆಂಬರ್ 2ರಂದು ನ್ಯಾಯಸ್ಥಾನದ ಮೊದಲ ಅಧಿವೇಶನ ನಡೆಯಿತು. ಷೆರಿಫ್ ಎಬೆನೀಜರ್ ಸ್ಪ್ರೋಟ್ ಹಿರಿದ ಕತ್ತಿಯೊಡನೆ ಮುಂದೆ ನಡೆದನು, ನ್ಯಾಯಾಧೀಶರು ಮೆರವಣಿಗೆಯಲ್ಲಿ ಹಿಂಬಾಲಿಸಿದರು.

ಆದರೆ ಆ ನೆಲ ನಿರ್ಜನವಾಗಿರಲಿಲ್ಲ. ಊರಿನ ನಿವೇಶನದಲ್ಲಿಯೇ ಪ್ರಾಚೀನರು ಕಟ್ಟಿದ ವಿಶಾಲವಾದ ಮಣ್ಣಿನ ದಿಬ್ಬಗಳಿದ್ದುವು. ಹೊಸಬರು ಅವುಗಳಿಗೆ ಲ್ಯಾಟಿನ್ ಹೆಸರುಗಳನ್ನಿಟ್ಟು ಕೆಲವನ್ನು ಕಾಪಾಡಿದರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯ ಇಂದು ನಿಂತಿರುವುದು ಅಂತಹ ಒಂದು ದಿಬ್ಬದ ಮೇಲೆಯೇ. ಡೆಲಾವೇರ್, ವೈಯಾಂಡಾಟ್, ಶಾನೀ ಮುಂತಾದ ಬುಡಕಟ್ಟುಗಳಿಗೆ ಆ ನಾಡು ಬೇಟೆಯ ಬಯಲೂ ಬಾಳಿನ ನೆಲೆಯೂ ಆಗಿತ್ತು. 1785ರ ಒಂದು ಒಪ್ಪಂದದಲ್ಲಿ ಭೂಮಿ ತನಗೆ ಬಂದಿದೆಯೆಂದು ಸರ್ಕಾರ ಸಾಧಿಸಿತು. ಬುಡಕಟ್ಟುಗಳಲ್ಲಿ ಅನೇಕರು ಅದನ್ನು ಮಾನ್ಯಮಾಡಲಿಲ್ಲ. 1789ರ ಜನವರಿಯಲ್ಲಿ ಮರಿಯೆಟ್ಟಾದ ಎದುರಿನ ಹಾರ್ಮರ್ ಕೋಟೆಯಲ್ಲಿ ಇನ್ನೊಂದು ಒಪ್ಪಂದವಾಯಿತಾದರೂ, ಅಷ್ಟು ಹೊತ್ತಿಗೆ ಭೂಮಿ ಮಾರಾಟವಾಗಿ ಜನ ನೆಲೆಸಿಯೂ ಆಗಿತ್ತು. ಸಮ್ಮತಿಯನ್ನು ಕೇಳಿದ್ದು ಕ್ರಯವಾದ ಮೇಲೆ. ಫಲವಾಗಿ ಯುದ್ಧ ಬಂದಿತು. 1791ರ ಜನವರಿ 2ರಂದು ಮಸ್ಕಿಂಗಂ ನದಿಯ ಮೇಲ್ಭಾಗದ ಬಿಗ್ ಬಾಟಮ್ ಎಂಬ ವಸತಿಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಹತರಾದರು. ಅದೇ ನವೆಂಬರ್ 4ರಂದು ಬುಡಕಟ್ಟುಗಳ ಒಕ್ಕೂಟ ಸೇಂಟ್ ಕ್ಲೇರನ ಸೇನೆಯನ್ನು ಸೋಲಿಸಿತು. 600ಕ್ಕೂ ಹೆಚ್ಚು ಸೈನಿಕರು ಮಡಿದರು. 1794ರಲ್ಲಿ ಜಯ ಸರ್ಕಾರದ ಪಾಲಾಯಿತು. 1795ರ ಗ್ರೀನ್‌ವಿಲ್ ಒಪ್ಪಂದದಿಂದ ಬುಡಕಟ್ಟುಗಳು ಇಂದಿನ ಓಹಿಯೋದ ಬಹುಭಾಗವನ್ನು ಬಿಟ್ಟುಕೊಟ್ಟುವು. ಕೊನೆಯವರಾಗಿ ಉಳಿದಿದ್ದ ವೈಯಾಂಡಾಟರೂ 1843ರಲ್ಲಿ ಆ ರಾಜ್ಯವನ್ನು ತೊರೆಯಬೇಕಾಯಿತು.

ಅದೇ ವಿಧಿಯ ವಿದ್ಯೆಯ ವಾಗ್ದಾನ ಉಳಿಯಿತು. ತಾನಾಗಿ ಮಾತ್ರ ಉಳಿಯಲಿಲ್ಲ. ಕಾಡು ಬೆಳೆದ 640 ಎಕರೆ ಶಾಲೆಯ ಹೆಸರಿನಲ್ಲಿದ್ದ ಮಾತ್ರಕ್ಕೆ ಶಾಲೆ ನಡೆಯುವುದಿಲ್ಲ. ಅನೇಕ ಕಡೆ ಆ ಭೂಮಿಯಿಂದ ಬಂದ ಗುತ್ತಿಗೆಯ ಹಣ ಅತ್ಯಲ್ಪವಾಗಿತ್ತು. ಶಾಸನದ ಕೊರತೆಯನ್ನು ಜನ ತಮ್ಮ ಶ್ರಮದಿಂದ ತುಂಬಿದರು. ಕೌಂಟಿಯ ಒಳನಾಡಿನ ಏಮ್ಸ್ ವಸತಿಯವರು ಕೈಯಲ್ಲಿ ನಗದಿಲ್ಲದೆ, ರಕೂನ್ ಎಂಬ ಕಾಡುಪ್ರಾಣಿಯ ತೊಗಲುಗಳನ್ನು ಕೂಡಿಸಿ ಬಾಸ್ಟನ್ನಿಗೆ ಕಳುಹಿಸಿದರು; ಅದರ ಹಣದಿಂದ ಸುಮಾರು 50 ಪುಸ್ತಕಗಳನ್ನು ತರಿಸಿ 1804ರಲ್ಲಿ ಗ್ರಂಥಾಲಯವನ್ನು ಸ್ಥಾಪಿಸಿದರು. ಅದೇ ವರ್ಷ, ಮೀಸಲಾಗಿದ್ದ ಎರಡು ಟೌನ್‌ಷಿಪ್‌ಗಳ ಆಧಾರದ ಮೇಲೆ ಆಥೆನ್ಸ್‌ನಲ್ಲಿ ಓಹಿಯೋ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆಯಿತು. ಮರುವರ್ಷ ಆ ಪ್ರದೇಶವೇ ಪ್ರತ್ಯೇಕ ಕೌಂಟಿಯಾಯಿತು. ಗ್ರಂಥಾಲಯದ ಸ್ಥಾಪಕರಲ್ಲೊಬ್ಬನೂ ಮನಾಸೆ ಕಟ್ಲರನ ಮಗನೂ ಆದ ಎಫ್ರಾಯಿಮ್ ಕಟ್ಲರ್, 1802ರ ಸಂವಿಧಾನ ಸಭೆಯಲ್ಲಿ ಗುಲಾಮಗಿರಿಯ ನಿಷೇಧಕ್ಕಾಗಿ ಹೋರಾಡಿದವನು. ಶಾಲೆಗಳಿಗೆ ಸ್ಥಿರವಾದ ಆದಾಯ ಬೇಕೆಂದು ಅವನು ಶಾಸನಸಭೆಯಲ್ಲಿ ಅವಿರತವಾಗಿ ಶ್ರಮಿಸಿದನು. 1825ರಲ್ಲಿ ಶಾಲೆಗಳಿಗಾಗಿ ಆಸ್ತಿಯ ಮೇಲೆ ತೆರಿಗೆ ವಿಧಿಸುವ ಕಾಯಿದೆ ಬಂದಿತು. ತಂದೆ ಬರೆಯಿಸಿದ ಷರತ್ತಿನ ಆಶಯವನ್ನು ಮಗ ಬೆಳೆಸಿದನು.

ಹೀಗೆ ಒಂದೇ ವಿಧಿಯ ಎರಡು ವಾಗ್ದಾನಗಳಲ್ಲಿ ಒಂದು ಫಲಿಸಿತು, ಇನ್ನೊಂದು ಭಗ್ನವಾಯಿತು. ವಿದ್ಯೆಯ ಮಾತಿಗೆ ತಲೆಮಾರಿನಿಂದ ತಲೆಮಾರಿಗೆ ಕಾವಲುಗಾರರಿದ್ದರು. ಮೂಲನಿವಾಸಿಗಳಿಗಿತ್ತ ಮಾತಿಗೆ, ಅದನ್ನು ಬರೆದವರ ನಡುವೆ ಅಂತಹ ಕಾವಲುಗಾರರು ಒದಗಲಿಲ್ಲ. ಅದನ್ನು ಮುರಿದರೆ ಲಾಭ ಹೊಂದುವವರ ಕೈಯಲ್ಲಿಯೇ ಅದರ ಪಾಲನೆಯಿತ್ತು. ಶಾಲೆಗಾಗಿ ಮೀಸಲಾದ ಆ 16ನೆಯ ಭಾಗವೂ ಮೊದಲು ಇನ್ನೊಬ್ಬರದಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ದತ್ತಿಯನ್ನು ಬರೆದುಕೊಟ್ಟವರ ಔದಾರ್ಯ ದೊಡ್ಡದೇ. ಆದರೆ ದತ್ತಿಯ ವಸ್ತು ನ್ಯಾಯವಾಗಿ ಬಂದುದೇ ಎಂಬ ವಿಚಾರವೂ, ಬರೆದ ಮಾತನ್ನು ಮುಂದಿನವರು ನಡೆಸಿಕೊಂಡು ಬಂದರೇ ಎಂಬ ವಿಚಾರವೂ ಅಷ್ಟೇ ದೊಡ್ಡವು. ವಿದ್ಯಾಸಂಸ್ಥೆಗಳ ಹಿತವನ್ನು ಬಯಸುವವರೆಲ್ಲರೂ ವಾಷಿಂಗ್ಟನ್ ಕೌಂಟಿಯ ಚರಿತ್ರೆಯನ್ನು ಓದಬೇಕಾದುದು ಈ ಕಾರಣದಿಂದ.